ಮೊದಲು ಬೆಳಗುವ ಕಿಟಕಿ

ಅಳಿಸಿದರೆ ಹೆಸರಷ್ಟೇ ಹೋಗುತ್ತದೆಯೋ, ಕರೆಯುವ ಅಭ್ಯಾಸವೂ ಹೋಗುತ್ತದೆಯೋ? ಗುರುಶಾಂತನ ಬೆರಳು ಕೀಬೋರ್ಡಿನ ಮೇಲೆ ತಡೆದು ನಿಂತಿತು. ಸೂರ್ಯ ಮೂಡದ ಆ ಊರಿಗೆ ಬೆಳಗಾಗುತ್ತಿದ್ದದ್ದು ಊರವರ ಹೆಸರಿನ ಪಟ್ಟಿಯಿದ್ದ ಅವನ ಎಕ್ಸೆಲ್ ವರ್ಕ್‌ಬುಕ್ಕಿನಿಂದ. ಅದರಲ್ಲಿ ತಾನಾಗಿ ಓಡುವಂತೆ ಅವನು ಬರೆದಿಟ್ಟ ಆದೇಶಗಳ ಸರಣಿ, ಅಂದರೆ ಮ್ಯಾಕ್ರೋ, ‘ಬೆಳಕು’ ಎಂಬ ಪದಕ್ಕೆ ಒಬ್ಬೊಬ್ಬರ ಹೆಸರು ಜೋಡಿಸಿ ಕರೆಯುತ್ತಿತ್ತು. ಹೆಸರು ಕರೆಸಿಕೊಂಡವರ ಮನೆಯ ಕಿಟಕಿ ಹೊಂಬಣ್ಣಕ್ಕೆ ತಿರುಗುತ್ತಿತ್ತು.

ಊರು ಬಿಡುತ್ತಿದ್ದ ಶಶಿಕಲಾ ತನ್ನ ಹೆಸರು ತೆಗೆಸಲು ಬಂದಿದ್ದಳು. “ಅಲ್ರೀ, ದಿನಾ ನಮ್ಮನಿಗೇ ಯಾಕ ಮೊದ್ಲ ಬೆಳಕ ಬರ್ತಿತ್ತು? ನನ್ನ ನಿದ್ದಿ ಹಾಳ ಮಾಡಿದ್ರಿ ನೋಡ್ರಿ!” ಎಂದು ನಕ್ಕಳು.

“ಮ್ಯಾಕ್ರೋ ಹಂಗ ಐತ್ರಿ,” ಎಂದ.

ಅವಳು ಹೋದ ಮೇಲೆ ಪಟ್ಟಿಯಿಂದ ಅವಳ ಹೆಸರು ಅಳಿಸಿದ. ಮರುದಿನ ಮ್ಯಾಕ್ರೋ ಮೊದಲು ಅವಳನ್ನೇ ಕರೆದು, ಪಟ್ಟಿಯಲ್ಲಿ ಆ ಹೆಸರು ಸಿಗದೆ ಅಲ್ಲೇ ನಿಂತುಬಿಟ್ಟಿತು. ಊರೆಲ್ಲ ಕತ್ತಲಲ್ಲಿ ಕಾಯಿತು.

ಅಕ್ಷರಕ್ರಮದಲ್ಲಿ ಎಷ್ಟೋ ಕೆಳಗೆ ಬರಬೇಕಾದ ಅವಳ ಹೆಸರನ್ನು ದಿನವೂ ಮೊದಲು ಕರೆಯುವಂತೆ ಮ್ಯಾಕ್ರೋದಲ್ಲಿ ಬರೆದಿಟ್ಟದ್ದು ತಾನೇ ಎಂದು ಅವನು ಅವಳಿಗೆ ಹೇಳಲೇ ಇಲ್ಲ.