ಗ್ರಹಣದ ಬಸ್ಸು

ಬಸ್ಸು ಹೊರಡುವ ಹೊತ್ತಿಗೆ ಕೇಶವಯ್ಯ ಮೇಷ್ಟ್ರು ಕೆಂಡಾಮಂಡಲವಾಗಿದ್ದರು. ಕಂಕಣ ಗ್ರಹಣ ತೋರಿಸುತ್ತೇನೆಂದು ಬೀದಿಯವರಿಂದೆಲ್ಲ ದುಡ್ಡು ಎತ್ತಿ ಬಸ್ಸು ಗೊತ್ತುಮಾಡಿದ್ದರು. ಈಗ ನೋಡಿದರೆ ಮೂರು ಮನೆಯವರು ತಾವು ಬರುವುದಿಲ್ಲವೆಂದು ಹೇಳಲು ಬಂದು ನಿಂತಿದ್ದರು.

"ನಮ್ಮ ಯಜಮಾನ್ರ ನಕ್ಷತ್ರಕ್ಕೆ ಆಗಲ್ವಂತೆ ಮೇಷ್ಟ್ರೆ. ನಮ್ಮ ದುಡ್ಡು ವಾಪಸ್ ಕೊಟ್ಬಿಡಿ" ಎಂದಳು ಒಬ್ಬಾಕೆ.

"ನಾಚಿಕೆ ಆಗಲ್ವೇನ್ರಿ? ಅದು ಬರೀ ನೆರಳು! ನಿಮ್ಮ ಮೂಢನಂಬಿಕೆಗೆಲ್ಲ ನಾನು ಒಂದು ಪೈಸೆನೂ ವಾಪಸ್ ಕೊಡಲ್ಲ!"

ಸೊಸೆ ಕುಮುದಳಿಗೆ ಮಾವನ ಮೇಲೆ ಹೆಮ್ಮೆ ಉಕ್ಕಿತು. ಬಸುರಿ ಗ್ರಹಣ ನೋಡಬಾರದೆಂದು ಬೆಳಿಗ್ಗೆ ಫೋನಿನಲ್ಲಿ ಅತ್ತ ತಾಯಿಯ ಮೇಲೆ ಅವಳು, "ನಮ್ಮ ಮಾವ ಇಂಥದ್ದನ್ನೆಲ್ಲ ನಂಬೋರಲ್ಲ" ಎಂದು ರೇಗಿದ್ದಳು. ಬ್ಯಾಗು ಹೆಗಲಿಗೇರಿಸಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು.

ಮೇಷ್ಟ್ರು ಅಡ್ಡ ಬಂದು ದನಿ ತಗ್ಗಿಸಿದರು. "ನೀನು ಬೇಡಮ್ಮ. ಮನೇಲಿ ಕಿಟಕಿ ಹಾಕ್ಕೊಂಡು ಮಲ್ಕೊ. ಹೊಟ್ಟೇಲಿ ಮಗು ಇದೆ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಬರೀ ನೆರಳು ಅಂದ್ರಲ್ಲ ಮಾವ?"

"ಎದುರು ಮಾತಾಡ್ಬೇಡ."

ಕುಮುದಳ ಮೈ ಉರಿದುಹೋಯಿತು. ಮೆಟ್ಟಿಲ ಮೇಲೆ ನಿಂತೇ, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ಸರಿ ಮಾವ, ನಾನು ಬರಲ್ಲ. ಹಾಗಾದ್ರೆ ಮೊದಲು ಇವರೆಲ್ಲರ ದುಡ್ಡು ವಾಪಸ್ ಕೊಡಿ."