ಎತ್ವಾರಿಯ ಹಾಜರಿ

ಹಾಜರಿ ಕೂಗುವಾಗ ಹನ್ನೊಂದನೆಯ ಹೆಸರಿನ ಹತ್ತಿರ ತನ್ನ ದನಿ ಮುಗ್ಗರಿಸುವುದು ಯಾರ ಕಿವಿಗಾದರೂ ಬಿದ್ದಿರಬಹುದೇ? ಇಪ್ಪತ್ತು ದಿನಗಳಿಂದ, ಎಸ್ಟೇಟಿನ ಆಳುಗಳ ಹಾಜರಿ ನೋಡಿಕೊಳ್ಳುವ ನಿಶ್ಚಿತಾಗೆ ಇದೇ ಚಿಂತೆ. ದಿನಚರಿಯಲ್ಲಿ ಬರೆಯುವುದು, ಹೊಡೆದುಹಾಕುವುದು. ಹತ್ತು ಆದಮೇಲೆ ಅವಳು ನೇರ ಹನ್ನೆರಡಕ್ಕೆ ಹೋಗುತ್ತಿದ್ದಳು; ಹನ್ನೊಂದನೆಯವಳು, ಎತ್ವಾರಿ, ಈಗ ಇಲ್ಲ. ಆದರೂ ಹನ್ನೆರಡನೆಯವನು ಕೂಡಲೇ ‘ಹಾಜಿರ್’ ಅನ್ನುತ್ತಿರಲಿಲ್ಲ. ಬೇರೆ ಯಾರೋ ಓಗೊಟ್ಟು ಮುಗಿಸಲಿ ಎಂದು ಕಾದವನ ಹಾಗೆ ಒಂದು ಉಸಿರು ತಡೆದು, ಆಮೇಲೆ ಅನ್ನುತ್ತಿದ್ದ.

ಇವತ್ತು ಕೊನೆಯ ಹಾಜರಿ. ಮೇಗುಂದದ ಆ ಕಾಫಿ ಎಸ್ಟೇಟಿನಲ್ಲಿ ಕೊಯ್ಲು ಮುಗಿದಿತ್ತು. ಝಾರ್ಖಂಡಿನಿಂದ ಬಂದಿದ್ದವರಲ್ಲಿ ಉಳಿದ ಹದಿಮೂರು ಜನ ಪಾತ್ರೆ, ಕಂಬಳಿ, ಒಂದು ಟಿ.ವಿ. ಸಮೇತ ಮಲ್ಪೆಗೆ ಹೊರಟಿದ್ದರು. ಅಲ್ಲಿ ಮೀನು ಒಣಗಿಸುವ ಕೆಲಸ, ಇರಲಿಕ್ಕೆ ಕೋಣೆಗಳು. ಇನ್ನು ಉತ್ತರದ ಊರಿಗೆ ಹೋಗುವುದಿಲ್ಲ, ಸಮುದ್ರದ ದಂಡೆಯಲ್ಲೇ ಮನೆ ಎಂದು ಎಲ್ಲರೂ ತೀರ್ಮಾನಿಸಿಕೊಂಡಿದ್ದರು.

“ರೈಟ್ರೇ, ಶೃಂಗೇರಿ ದಾಟಿ ಆಗುಂಬೆ ಇಳೀಬೇಕು ನಾನು,” ಟೆಂಪೋದ ಡ್ರೈವರ್ ವಸೀಂ ಹಾರ್ನ್ ಒತ್ತಿದ. “ಇಲ್ಲೇ ಮಧ್ಯಾಹ್ನ ಮಾಡಿದ್ರೆ ಹೆಂಗೆ?”

“ತಡಿ ಮಾರಾಯ, ಸಮುದ್ರ ಎಂತ ಓಡಿ ಹೋಗ್ತದಾ?” ಎಂದ ತೋಟದ ಲೆಕ್ಕಪತ್ರ ನೋಡುವ ರೈಟರ್ ಬಸವೇಶ್. ಹಾಗೆಂದವನೇ ಟೆಂಪೋದ ಹಿಂಬದಿಗೆ ಬಂದು ನಿಂತುಬಿಟ್ಟ. ಹನ್ನೆರಡು ಜನ ಹತ್ತಿ ಕೂತಿದ್ದರು. ಎತ್ವಾರಿಯ ತಾಯಿ ಜೌನಿ ಮಾತ್ರ ಕೆಳಗೇ ಇದ್ದಳು. ಹತ್ತುವ ಹಲಗೆಯ ಮೇಲೆ ಒಲೆಯ ಬೂದಿ ಉದುರಿಸಿ, ಗೋಡೆಗೆ ಸುಣ್ಣ ಸವರುವಷ್ಟು ನಾಜೂಕಾಗಿ ಅಂಗೈಯಿಂದ ನುಣ್ಣಗೆ ಮಾಡುತ್ತಿದ್ದಳು. “ಎಂತದೇ ಇದು?” ಎಂದು ಬಸವೇಶ್ ಕೇಳಿದ.

“ನಮ್ಮ ಕಡೆ ಸತ್ತವರದ್ದು ನೆರಳು ಕರೀತಾರೆ ಸಾಬ್, ಹೆಸರು ಹೇಳಿ,” ಮೂರು ಸೀಸನ್ನಿನಲ್ಲಿ ಕಲಿತ ಕನ್ನಡದಲ್ಲಿ ಜೌನಿ ಹೇಳಿದಳು. “ಮನೆ ಬದಲಿ ಮಾಡಿದ್ರೆ ನೆರಳೂ ಬರಬೇಕು. ಇಲ್ಲಾಂದ್ರೆ ಒಬ್ಬಳೇ ಉಳೀತಾಳೆ ಇಲ್ಲಿ. ಬಂದ್ರೆ ಬೂದಿ ಹೇಳ್ತದೆ. ನಾನು ಮೂರು ದಿನ ಕರೆದೆ, ಬರಲಿಲ್ಲ.” ಅವಳು ನಿಶ್ಚಿತಾಳ ಕಡೆ ತಿರುಗಿದಳು. “ದೀದಿ, ನೀನು ಕರಿ. ದಿನಾ ಬೆಳಿಗ್ಗೆ ನೀನು ಕರೆದ್ರೆ ಬರ್ತಿದ್ದಳಲ್ಲ.”

ನಿಶ್ಚಿತಾ ಹಾಜರಿ ಪುಸ್ತಕ ಮುಚ್ಚಿದಳು. ಎತ್ವಾರಿ ಸತ್ತ ದಿನವೂ ಬೆಳಿಗ್ಗೆ ಹಾಜರಿಗೆ ಎಲ್ಲರೂ ಸೇರಿದ್ದರು. ಜೌನಿ ಬೆಳಗಾಗುವ ಮೊದಲೇ ಮೇಲಿನ ತೋಟಕ್ಕೆ ಹೋಗಿದ್ದಳು. ಸಾಲಿನಲ್ಲಿ ನಿಂತಿದ್ದ ಎತ್ವಾರಿ ನಿಶ್ಚಿತಾಳ ಕೈಯನ್ನು ಹಿಡಿದು ತನ್ನ ಕುತ್ತಿಗೆಗೆ ಒತ್ತಿಕೊಂಡು, ಜ್ವರ ದೀದಿ, ರೈಟರಿಗೆ ಹೇಳು ಎಂದು ಹಿಂದಿಯಲ್ಲಿ ಪಿಸುಗುಟ್ಟಿದ್ದಳು. ಕೈ ಸುಟ್ಟಿತ್ತು. ಕಾಫಿ ಕಣದ ಆಚೆ ತುದಿಯಿಂದ ಬಸವೇಶ್ “ಎಲ್ಲ ಸಮ ಇದ್ದಾರಾ?” ಎಂದು ಕೂಗಿದ್ದ. ನಲವತ್ತು ಮುಖಗಳು ಒಟ್ಟಿಗೆ ಇವಳ ಕಡೆ ತಿರುಗಿದ್ದವು. ಅಷ್ಟು ಜನರ ಎದುರು ದನಿ ಎತ್ತಲಾಗದೆ ನಿಶ್ಚಿತಾ ಹೌದೆಂದು ತಲೆಯಾಡಿಸಿದ್ದಳು. ಮಧ್ಯಾಹ್ನ ಎತ್ವಾರಿ ಗಿಡದ ಬುಡದಲ್ಲಿ ಬಿದ್ದಳು. ಜೀಪು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದುಹೋಗಿತ್ತು.

“ಕೂಗು ಮಾರಾಯ್ತಿ, ಒಂದು ಹೆಸರು ತಾನೆ,” ಎಂದ ಬಸವೇಶ್ ತಗ್ಗಿದ ದನಿಯಲ್ಲಿ. “ಹೆತ್ತವಳು ಅವಳು.”

“ಎತ್ವಾರಿ,” ಎಂದಳು ನಿಶ್ಚಿತಾ. ಬೂದಿ ಹಾಗೇ ಇತ್ತು.

“ಗಟ್ಟಿ, ದೀದಿ.”

“ಎತ್ವಾರಿ!”

ತೋಟದೊಳಗೆ ಬೆಳಗಿನಿಂದ ಕೊರೆಯುತ್ತಿದ್ದ ಜೀರುಂಡೆಗಳು ಒಮ್ಮೆಲೇ ನಿಂತವು. ಟೆಂಪೋದಲ್ಲಿದ್ದ ಹನ್ನೆರಡು ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸುಮ್ಮನೆ ಒತ್ತೊತ್ತಾಗಿ ಸರಿದು ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟರು. ವಸೀಂ ಯಾಕೋ ಎಂಜಿನ್ ಆಫ್ ಮಾಡಿದ.

ಮೂರನೆಯ ಸಲ ಕರೆದಾಗ ಬೂದಿಯ ಹೊರ ಅಂಚಿನಲ್ಲಿ ಐದು ಸಣ್ಣ ಗುಳಿಗಳು ಮೂಡಿದವು, ಯಾರೋ ತುದಿಬೆರಳಲ್ಲಿ ನಿಂತ ಹಾಗೆ. ಅಷ್ಟೇ. ಅಂಗಾಲು ಇಲ್ಲ, ಹಿಮ್ಮಡಿ ಇಲ್ಲ. ಒಂದು ಎಲೆಯೂ ಅಲುಗುತ್ತಿರಲಿಲ್ಲ.

“ಬಂದಿದ್ದಾಳೆ,” ಎಂದಳು ಜೌನಿ. ಆಮೇಲೆ ಆ ಗುಳಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬೈಯತೊಡಗಿದಳು. “ಹತ್ತು ಮತ್ತೆ! ಇನ್ನೂ ಎಂಥ ಹಟ? ಮೈ ಸುಡ್ತಾ ಇತ್ತು, ಯಾರಿಗೂ ಹೇಳಲಿಲ್ಲ ನೀನು. ಒಬ್ಬರಿಗೆ ಒಂದು ಮಾತು ಹೇಳಿದ್ರೆ ಇವತ್ತು ಇಲ್ಲಿ ಕೂತಿರ್ತಿದ್ದೆ. ಹೇಳಲಿಲ್ಲ, ಹೇಳಲಿಲ್ಲ...”

“ನಾನೂ ಅವತ್ತು ಕೇಳಿದ್ದೆ ಜೌನಿ,” ಬಸವೇಶ್ ನೆಲ ನೋಡುತ್ತ ಹೇಳಿದ. “ನಿನ್ನ ಮಗಳು ಬಾಯಿ ಬಿಡಲಿಲ್ಲ. ಎಂತ ಮಾಡೂದು?”

ಗುಳಿಗಳಲ್ಲಿ ಒಂದು ಮೆಲ್ಲಗೆ ತುಂಬಿಕೊಂಡಿತು. ಅದರ ಪಕ್ಕದ್ದೂ ತುಂಬಿಕೊಳ್ಳತೊಡಗಿತು. ಬೆರಳುಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಜೌನಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಗುಳಿಗಳು ಮುಚ್ಚುವುದನ್ನು ನೋಡಿದವಳು ನಿಶ್ಚಿತಾ ಒಬ್ಬಳೇ.

“ಹೇಳಿದ್ದಳು,” ಎಂದಳು ಅವಳು. ಕಣದ ಆಚೆ ತುದಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ನನಗೆ ಹೇಳಿದ್ದಳು.”