ಅಪ್ಪ ಮತ್ತೆ ರೀಸ್ಟಾರ್ಟ್ ಆದರು

ಬೆಳಗಿನಿಂದ ಇದು ನಾಲ್ಕನೇ ಸಲ.

“ಅಂಬುಜಾ, ಕಾಫಿ ಆಯ್ತೇನೇ?” ಎಂದರು ಅಪ್ಪ, ಸ್ಪೀಕರಿನಿಂದ.

ಮಂದಾಕಿನಿ ತಲೆ ಚಚ್ಚಿಕೊಂಡಳು. ತೀರಿಕೊಂಡವರನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಹೀಗೆ ಗಳಿಗೆಗೊಮ್ಮೆ ರೀಸ್ಟಾರ್ಟ್ ಆದರೆ, ಅವರು ಸತ್ತ ಸುದ್ದಿಯನ್ನು ಅವರಿಗೇ ಹೊಸದಾಗಿ ಹೇಳಬೇಕು. ಹೇಳದಿದ್ದರೆ ಕಾಫಿ ಕಾಫಿ ಎಂದು ಪ್ರಾಣ ಹಿಂಡುತ್ತಾರೆ. ಹೇಳುವ ಕರ್ಮ ಅವಳದೇ.

ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿದ್ದಾಯಿತು, ಪವರ್ ಸಪ್ಲೈ ಬದಲಾಯಿಸಿದ್ದಾಯಿತು. ಕೊನೆಗೆ ಸಿಪಿಯು ಡಬ್ಬವನ್ನೇ ಮುಂದಕ್ಕೆಳೆದು ನೋಡಿದಳು. ಹಿಂದೆ, ಫ್ಯಾನು ಮುಚ್ಚುವ ಹಾಗೆ, ಅಪ್ಪನ ಉಣ್ಣೆ ಸ್ವೆಟರ್ ಹೊದಿಸಿತ್ತು; ಡಬ್ಬ ಬಿಚ್ಚಿದಾಗ ಅದು ಅಲ್ಲಿರಲಿಲ್ಲ. ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

“ಅಮ್ಮಾ! ಬಿಸಿಯಾಗೇ ಇದು ರೀಸ್ಟಾರ್ಟ್ ಆಗ್ತಿರೋದು. ಅಪ್ಪಂಗೆ ಈಗೆಲ್ಲಿಯ ಚಳಿ?”

“ಚಳಿಗಲ್ಲ ಕಣೇ,” ಎಂದರು ಅಂಬುಜಮ್ಮ, ತಲೆ ತಗ್ಗಿಸಿ. “ಸತ್ತಿದ್ದು ಗೊತ್ತಾದ್ಮೇಲೆ ಅವರು ಬಾಯೇ ಬಿಡಲ್ಲ. ಎದ್ದ ತಕ್ಷಣ ಮಾತ್ರ ನನ್ನ ಹೆಸರು ಹಿಡಿದು ಕೂಗ್ತಾರೆ.”

“ಅಂಬುಜಾ, ಎಲ್ಲಿದೀಯೇ?” ಎಂದು ಸ್ಪೀಕರ್ ಮತ್ತೆ ಕೂಗಿತು.

ನಿಜ ಹೇಳಲು ಬಾಯಿ ತೆರೆದ ಮಂದಾಕಿನಿ ಅಮ್ಮನ ಮುಖ ನೋಡಿದಳು. ಸ್ವೆಟರನ್ನು ಮಡಚಿ ಅವರ ಕೈಗಿಟ್ಟಳು.

“ಹಾಲು ಕಾಯ್ತಾ ಇದೆ ಅಪ್ಪಾ,” ಎಂದಳು. “ಅಮ್ಮ ಇಲ್ಲೇ ಇದಾಳೆ, ಮಾತಾಡ್ತಾ ಇರಿ.”